ಚಿತ್ರಸಂತೆಯ ರಸ್ತೆಬದಿಯೋ, ಇನ್‌ಸ್ಟಾಗ್ರಾಂ ಪುಟವೋ, ಪ್ರಿಂಟ್ ಸೈಟೋ: ಡಿಜಿಟಲ್ ಚಿತ್ತಾರವನ್ನು ಎಲ್ಲಿ ಮಾರಬೇಕು?

ನನ್ನ ಓಟು ಚಿತ್ರಸಂತೆಗೆ, ಅಂದರೆ ಬೆಂಗಳೂರಿನ ರಸ್ತೆಯಲ್ಲಿ ವರ್ಷಕ್ಕೊಮ್ಮೆ ಒಂದು ದಿನ ನಡೆಯುವ ಚಿತ್ರಗಳ ಸಂತೆಗೆ. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬಿಡಿಸುವವಳು ಮೊಬೈಲಿನಲ್ಲೇ ಮಾರುವುದು ಬಿಟ್ಟು, ಸಾಗರದಿಂದ ರಾತ್ರಿ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ ಇಡೀ ದಿನ ಫುಟ್‌ಪಾತಿನಲ್ಲಿ ಕೂರುವುದು ಯಾಕೆ ಅಂತ ತುಂಬಾ ಜನ ಕೇಳುತ್ತಾರೆ. ಹೊಸದಾಗಿ ಈ ಕೆಲಸಕ್ಕೆ ಇಳಿದ ಹುಡುಗ ಹುಡುಗಿಯರು "ಅಕ್ಕಾ, ಸ್ಟಾಲ್ ಹಾಕ್ಲಾ, ಸೈಟಲ್ಲಿ ಹಾಕ್ಲಾ?" ಅಂತ ಮೆಸೇಜ್ ಮಾಡುತ್ತಿರುತ್ತಾರೆ. ಮೂರನ್ನೂ ಮಾಡಿ ನೋಡಿದವಳಾದ್ದರಿಂದ ಹೇಳಬಲ್ಲೆ. ಈಚೆಗೆ ಒಂದು ಪ್ರಿಂಟ್ ಸೈಟಿನಿಂದ ನನ್ನದೇ ಚಿತ್ರವನ್ನು ದುಡ್ಡು ಕೊಟ್ಟು ತರಿಸಿಕೊಂಡ ಮೇಲಂತೂ ಇದನ್ನು ಬರೆಯಲೇಬೇಕು ಅನ್ನಿಸಿತು.

ನಾನು ಬಿಡಿಸುವುದು ಹಸೆ ಚಿತ್ತಾರದ ದಾರಿಯಲ್ಲಿ. ನಮ್ಮ ಸಾಗರ, ಸೊರಬ ಕಡೆ ದೀವರ ಸಮುದಾಯದ ಹೆಂಗಸರು ಮದುವೆಮನೆಯಲ್ಲಿ ಮದುಮಕ್ಕಳನ್ನು ಕೂರಿಸುವ ಹಸೆಗೋಡೆಗೆ, ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಗೆ ಬರೆಯುವ ಚಿತ್ತಾರ ಅದು. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಳಿನ ಹಳದಿ, ಪುಂಡಿ ನಾರಿನ ಕುಂಚ. ಇಷ್ಟರಲ್ಲೇ ಎಲ್ಲ. ಎಳೆ ಪಕ್ಕ ಎಳೆ, ಕೂದಲಿನಷ್ಟು ಸಣ್ಣ ಗೆರೆಗಳು, ಸುತ್ತಲೂ ಅಂಚು. ಈ ಸಣ್ಣ ಗೆರೆಗಳ ವಿಷಯವೇ ಕೆಳಗೆ ಮತ್ತೆ ಮತ್ತೆ ಬರುತ್ತದೆ, ಏಕೆಂದರೆ ಮೂರು ಜಾಗಗಳ ನಡುವಿನ ವ್ಯತ್ಯಾಸ ಇರುವುದೇ ಅಲ್ಲಿ. ನಿಮ್ಮದು ಭಾವಚಿತ್ರವೋ ಕಾರ್ಟೂನೋ ಆಗಿದ್ದರೆ ನನ್ನ ತೀರ್ಮಾನ ನಿಮಗೆ ಹೊಂದದೆಯೂ ಇರಬಹುದು.

ಮೊದಲು ಪ್ರಿಂಟ್ ಸೈಟು. ಚಿತ್ರ ಅಪ್‌ಲೋಡ್ ಮಾಡಿದರೆ ಸಾಕು, ಯಾರಾದರೂ ಆರ್ಡರ್ ಹಾಕಿದಾಗ ಅವರೇ ಪ್ರಿಂಟ್ ಹಾಕಿ, ಅವರೇ ಪ್ಯಾಕ್ ಮಾಡಿ, ಅವರೇ ಕಳಿಸುತ್ತಾರೆ. ಬಂಡವಾಳ ಸೊನ್ನೆ. ಕೇಳಲು ಬಹಳ ಚೆನ್ನಾಗಿದೆ. ನನ್ನ ಕೈಗೆ ಬಂದ ಎ3 ಪೋಸ್ಟರನ್ನು ಕೊಳವೆಯಿಂದ ತೆಗೆದು ಟೇಬಲ್ ಮೇಲೆ ಹರಡಿ ನಾಲ್ಕು ಮೂಲೆಗೂ ಪುಸ್ತಕ ಇಟ್ಟು ನೋಡಿದೆ. ಅಂಚಿನಲ್ಲಿ ಎಡಗಡೆ ಎರಡು ಎಳೆ, ಬಲಗಡೆ ಒಂದೇ ಎಳೆ. ಕತ್ತರಿಸುವಾಗ ಹಾಳೆ ಒಂದಿಷ್ಟು ಸರಿದು ಬಲಗಡೆಯ ಹೊರಗಿನ ಎಳೆ ಪೂರ್ತಿ ಹಾರಿಹೋಗಿತ್ತು. ಚಿತ್ತಾರದಲ್ಲಿ ಅಂಚು ಅಂದರೆ ಫೋಟೋಗೆ ಹಾಕುವ ಫ್ರೇಮಿನ ಹಾಗೆ ಬಿಟ್ಟರೂ ನಡೆಯುವಂಥದ್ದಲ್ಲ. ಅದು ಚಿತ್ರದ ಒಳಗಿನದೇ ಒಂದು ಭಾಗ. ನಮ್ಮೂರಿನ ಯಾವ ಹಿರಿಯ ಹೆಂಗಸಿಗೆ ತೋರಿಸಿದರೂ ಮೊದಲ ನೋಟ ಹೋಗುವುದು ಅಲ್ಲಿಗೇ. ಸೈಟಿನವರಿಗೆ ಫೋಟೋ ತೆಗೆದು ಕಳಿಸಿದೆ. ಎರಡು ಮಿಲಿಮೀಟರ್ ಆಚೆ ಈಚೆ ಆಗುವುದು ಮಾಮೂಲು, ಇದಕ್ಕೆ ಹಣ ವಾಪಸ್ ಇಲ್ಲ ಅಂತ ಉತ್ತರ ಬಂತು.

ಪ್ರಿಂಟಿಂಗ್ ಗೊತ್ತಿದ್ದವರು "ಬ್ಲೀಡ್ ಬಿಡಬೇಕಿತ್ತು" ಅನ್ನುತ್ತಾರೆ, ಅಂದರೆ ಕತ್ತರಿಸಿ ಹೋಗಲಿ ಅಂತ ಸುತ್ತಲೂ ಬಿಡುವ ಹೆಚ್ಚುವರಿ ಜಾಗ. ಬಿಟ್ಟಿದ್ದೆ, ಸುತ್ತಲೂ 3 ಮಿಲಿಮೀಟರ್. ಆದರೆ ಒಂದೇ ಫೈಲಿನಿಂದ ಪೋಸ್ಟರು, ದಿಂಬಿನ ಕವರು, ಮೊಬೈಲ್ ಕವರು ಎಲ್ಲವನ್ನೂ ತೆಗೆಯುವ ಯಂತ್ರಕ್ಕೆ ಯಾವ ಗೆರೆ ಅಂಚು, ಯಾವುದು ಕತ್ತರಿಸಿ ಬಿಸಾಡುವ ಭಾಗ ಅಂತ ಹೇಗೆ ಗೊತ್ತಾಗಬೇಕು? ಅಲ್ಲಿ ಕತ್ತರಿ ಹಿಡಿಯುವ ಮನುಷ್ಯನ ಜೊತೆ ಮಾತಾಡಲು ಸಾಧ್ಯವೇ ಇಲ್ಲ. ಶಿವಮೊಗ್ಗದಲ್ಲಿ ನಾನು ಪ್ರಿಂಟ್ ಹಾಕಿಸುವ ಅಂಗಡಿಯಲ್ಲಿ ಅಣ್ಣ ಮೊದಲು ಅಂಗೈಯಗಲದ ಒಂದು ತುಂಡು ಹಾಕಿ ಕೊಡುತ್ತಾರೆ. ಕೆಂಪು ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದರೆ ಅಲ್ಲೇ ಕೂತು ಸರಿಮಾಡಿ ಇನ್ನೊಂದು ತುಂಡು ಹಾಕುತ್ತೇವೆ. ಕೆಮ್ಮಣ್ಣಿನ ಬಣ್ಣ ಬರುವತನಕ ಪೂರ್ತಿ ಹಾಳೆ ಮುಟ್ಟುವುದಿಲ್ಲ. ಕತ್ತರಿಸುವ ಕೆಲಸ ನಾನೇ ಮಾಡುತ್ತೇನೆ, ಸ್ಟೀಲ್ ಸ್ಕೇಲು ಇಟ್ಟು ಬ್ಲೇಡಿನಲ್ಲಿ.

ಲಾಭದ ಮಾತು ಒಂದೇ ಸಾಲಿನಲ್ಲಿ: ಸೈಟಿನಲ್ಲಿ ಒಂದು ಎ3 ಹೋದರೆ ನನಗೆ ಉಳಿಯುವುದು ನೂರು ರೂಪಾಯಿಗಿಂತ ಕಡಿಮೆ.

ಇನ್ನು ಇನ್‌ಸ್ಟಾಗ್ರಾಂ. ಇದನ್ನು ನಾನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಮದುವೆ ಕರೆಯೋಲೆಗೆ ಚಿತ್ತಾರದ ಅಂಚು ಬೇಕು, ಮನೆಯ ಗೋಡೆಗೆ ದೊಡ್ಡದು ಬೇಕು ಅಂತ ಕೇಳಿಕೊಂಡು ಬರುವವರಲ್ಲಿ ಹೆಚ್ಚಿನವರು ಅಲ್ಲಿಂದಲೇ ಬರುತ್ತಾರೆ. ಅಮೆರಿಕದಲ್ಲಿರುವ ಮಲೆನಾಡಿನವರು ಊರ ನೆನಪಿಗೆ ಅಂತ ಬರೆಯಿಸಿಕೊಂಡಿದ್ದೂ ಉಂಟು. ಆದರೆ ಚಿತ್ತಾರವನ್ನು ಮೊಬೈಲಿನಲ್ಲಿ ತೋರಿಸುವ ಕಷ್ಟ ಇದೆಯಲ್ಲ, ಅದರ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. ನಾನು ಹೇಳುತ್ತೇನೆ.

ಎ3 ಹಾಳೆಗೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಲೆಕ್ಕದಲ್ಲಿ ಫೈಲ್ ಮಾಡಿದರೆ ಅದು 3508 ಬೈ 4961 ಪಿಕ್ಸೆಲ್. ಅದರಲ್ಲಿ ನನ್ನ ಸಣ್ಣ ಎಳೆ 6 ಪಿಕ್ಸೆಲ್ ದಪ್ಪ, ಅಂದರೆ ಕಾಗದದ ಮೇಲೆ ಅರ್ಧ ಮಿಲಿಮೀಟರ್. ಕಣ್ಣಿಗೆ ಹಿತವಾಗಿ ಕಾಣುತ್ತದೆ. ಅದೇ ಚಿತ್ರವನ್ನು ಇನ್‌ಸ್ಟಾಗ್ರಾಂ ಫೀಡಿಗೆ ಹಾಕಲು 1080 ಪಿಕ್ಸೆಲ್ ಅಗಲಕ್ಕೆ ಇಳಿಸಿದಾಗ ಆ ಎಳೆ ಎರಡು ಪಿಕ್ಸೆಲ್‌ಗಿಂತಲೂ ಸಣ್ಣದಾಗುತ್ತದೆ. ಒಂದು ಪಿಕ್ಸೆಲ್ಲು ಪೂರ್ತಿ ಬಿಳಿ, ಪಕ್ಕದ್ದು ಅರೆಬಿಳಿ. ಸಾಲಾಗಿ ಇಪ್ಪತ್ತು ಎಳೆ ಇದ್ದರೆ ಕೆಲವು ದಪ್ಪ, ಕೆಲವು ಮಂಕು. ದೂರದಿಂದ ನೋಡಿದರೆ ಚಿತ್ರದ ಮೇಲೆ ನಾನು ಬರೆಯದೇ ಇದ್ದ ಅಲೆಗಳು ಎದ್ದು ಕಾಣುತ್ತವೆ. ಟಿವಿಯಲ್ಲಿ ಸಣ್ಣ ಚೌಕುಳಿ ಅಂಗಿ ಹಾಕಿಕೊಂಡವರು ಬಂದಾಗ ಅಂಗಿ ಮಿಣಮಿಣ ಅನ್ನುತ್ತದಲ್ಲ, ಅದೇ ದೋಷ.

ಅದರ ಮೇಲೆ ಇನ್ನೊಂದು ಪೆಟ್ಟು ಜೆಪೆಗ್‌ನದು, ಫೋಟೋಗಳನ್ನು ಕುಗ್ಗಿಸಿ ಉಳಿಸುವ ಫೈಲ್ ಮಾದರಿಯದು. ಫೈಲ್ ಸಣ್ಣದಾಗಲಿ ಅಂತ ಜೆಪೆಗ್ ಸಾಮಾನ್ಯವಾಗಿ ಬೆಳಕು-ನೆರಳಿನ ವಿವರವನ್ನು ಪ್ರತಿ ಪಿಕ್ಸೆಲ್‌ಗೂ ಇಟ್ಟುಕೊಂಡು, ಬಣ್ಣದ ವಿವರವನ್ನು ಮಾತ್ರ ನಾಲ್ಕು ಪಿಕ್ಸೆಲ್‌ಗೆ ಒಂದರಂತೆ ಇಟ್ಟುಕೊಳ್ಳುತ್ತದೆ. ಮನುಷ್ಯನ ಕಣ್ಣಿಗೆ ಬಣ್ಣಕ್ಕಿಂತ ಬೆಳಕಿನ ವ್ಯತ್ಯಾಸ ಚುರುಕಾಗಿ ಗೊತ್ತಾಗುವುದರಿಂದ ಆಕಾಶ, ಮುಖ, ಹೊಲಗದ್ದೆಯ ಫೋಟೋಗಳಲ್ಲಿ ಇದು ತಿಳಿಯುವುದೇ ಇಲ್ಲ. ಗಾಢ ಕೆಂಪಿನ ಮೇಲೆ ಸಣ್ಣ ಬಿಳಿ ಗೆರೆ ಬಂದಾಗ ತಿಳಿಯುತ್ತದೆ. ಸುತ್ತಲಿನ ಕೆಂಪು ಗೆರೆಯ ಒಳಗೆ ನುಗ್ಗಿ ಬಿಳಿ ಎಳೆ ಗುಲಾಬಿಯಾಗುತ್ತದೆ. ಕೆಮ್ಮಣ್ಣು ಮತ್ತು ಅಕ್ಕಿಹಿಟ್ಟು, ಚಿತ್ತಾರದ ಜೀವವೇ ಈ ಎರಡು ಬಣ್ಣ. ಅವೆರಡೂ ಸೇರುವ ಗಡಿಯಲ್ಲೇ ಕೆಡುತ್ತದೆ. ಅಜ್ಜಿಯರು ಉಸಿರು ಹಿಡಿದು ಎಳೆಯುವ ಗೆರೆ ಅದು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಪರಿಹಾರ ಇಲ್ಲ ಅಂತಲ್ಲ. ಫೀಡಿಗೆ ಬೇರೆಯದೇ ಆವೃತ್ತಿ ಮಾಡಿಕೊಳ್ಳುತ್ತೇನೆ: ಎಳೆಗಳನ್ನು ಕಡಿಮೆ ಮಾಡಿ, ದಪ್ಪ ಮಾಡಿ, ಕೆಂಪನ್ನು ಒಂದು ಹದ ಇಳಿಸಿ. 1080ಕ್ಕೆ ನಾನೇ ಇಳಿಸಿ, ಎಸ್‌ಆರ್‌ಜಿಬಿಯಲ್ಲಿ (ಪರದೆಗಳಿಗೆ ಸಾಮಾನ್ಯವಾಗಿ ಬಳಸುವ ಬಣ್ಣದ ಕ್ರಮ) ಉಳಿಸಿ ಆಮೇಲೆ ಹಾಕುತ್ತೇನೆ. ಇಡೀ ಚಿತ್ರದ ಬದಲು ಒಂದು ಮೂಲೆಯನ್ನು ಹತ್ತಿರದಿಂದ ತೋರಿಸಿದರೆ ಗೆರೆ ಚೆನ್ನಾಗಿ ನಿಲ್ಲುತ್ತದೆ. ಬಿಡಿಸುತ್ತಿರುವ ವಿಡಿಯೋ ಹಾಕಿದರೆ ಜನ ಕೊನೆಯವರೆಗೂ ನೋಡುತ್ತಾರೆ. ಇದೆಲ್ಲ ಸರಿಯೇ. ಆದರೆ ಒಂದು ಚಿತ್ರಕ್ಕೆ ಎರಡು ಚಿತ್ರದ ಕೆಲಸ ಆಯಿತು. ಕೊಳ್ಳುವವರಿಗೆ ಕಾಣುವುದು ಅವರ ಮನೆಗೆ ಹೋಗುವ ಚಿತ್ರವೂ ಅಲ್ಲ. ದುಡ್ಡು ಕೊಟ್ಟು ಪೋಸ್ಟ್ ಬೂಸ್ಟ್ ಮಾಡುವುದರಿಂದ ಲೈಕ್ ಬರುತ್ತವೆ, ಆರ್ಡರ್ ಬರುವುದಿಲ್ಲ. ನನ್ನ ಅನುಭವದಲ್ಲಿ ಇಷ್ಟೇ.

ಆನ್‌ಲೈನ್ ಪತ್ರಿಕೆಗಳಿಗೆ ಕಥೆ, ಲೇಖನಕ್ಕೆ ಚಿತ್ರ ಬರೆಯುವುದು ಬೇರೆ ಲೆಕ್ಕ. ಸಂಭಾವನೆ ಕಡಿಮೆ, ಕೆಲವೊಮ್ಮೆ ತಡ, ಆದರೆ ಚಿತ್ರದ ಕೆಳಗೆ ಹೆಸರು ಹಾಕುತ್ತಾರೆ. ಅದಕ್ಕೆ ನಾನು ಮೊದಲಿನಿಂದಲೇ ಅಡ್ಡ ಅಳತೆಯಲ್ಲಿ, ದಪ್ಪ ಗೆರೆಯಲ್ಲಿ ಬರೆಯುತ್ತೇನೆ.

ಈಗ ಚಿತ್ರಸಂತೆ. ಕರ್ನಾಟಕ ಚಿತ್ರಕಲಾ ಪರಿಷತ್ತು ಸಾಮಾನ್ಯವಾಗಿ ಜನವರಿಯ ಮೊದಮೊದಲ ಒಂದು ಭಾನುವಾರ ನಡೆಸುತ್ತದೆ. 2023ರದ್ದು 20ನೆಯದು. ಕುಮಾರಕೃಪಾ ರಸ್ತೆಗೆ ಅವತ್ತು ಗಾಡಿ ಬಿಡುವುದಿಲ್ಲ. ಸಾವಿರಕ್ಕೂ ಹೆಚ್ಚು ಕಲಾವಿದರು ಎರಡೂ ಬದಿಗೆ ಸಾಲಾಗಿ ಕೂರುತ್ತಾರೆ, ನೋಡುವವರಿಗೆ ಟಿಕೆಟ್ ಇಲ್ಲ. ನೂರು ರೂಪಾಯಿಯ ಚಿತ್ರದ ಪಕ್ಕದಲ್ಲೇ ಲಕ್ಷ ರೂಪಾಯಿಯ ಚಿತ್ರ ಇರುತ್ತದೆ. ಗ್ಯಾಲರಿ ಬಾಗಿಲು ದಾಟಲು ಹಿಂಜರಿಯುವವರೂ ಇಲ್ಲಿ ಮಗುವಿನ ಕೈ ಹಿಡಿದು ಬಂದು ನಿಂತು ನೋಡುತ್ತಾರೆ. ಜಾಗಕ್ಕೆ ಮುಂಚೆಯೇ ಅರ್ಜಿ ಹಾಕಬೇಕು.

ಇಲ್ಲಿ ನನ್ನ ಎಳೆ ಅರ್ಧ ಮಿಲಿಮೀಟರೇ ಇರುತ್ತದೆ. ಜನ ಮೊದಲು ದೂರದಿಂದ ಕೆಂಪು ನೋಡಿ ತಿರುಗುತ್ತಾರೆ, ಆಮೇಲೆ ಹತ್ತಿರ ಬಂದು ಬಗ್ಗುತ್ತಾರೆ, ಕೊನೆಗೆ ಬೆರಳನ್ನು ಗಾಳಿಯಲ್ಲೇ ಗೆರೆಯ ಜೊತೆ ಓಡಿಸುತ್ತಾರೆ. ಹಾಗೆ ಬೆರಳು ಓಡಿಸಿದವರು ಬಹುಪಾಲು ಕೊಳ್ಳುತ್ತಾರೆ. ಒಂದು ಸಲ ಬೆಂಗಳೂರಿನಲ್ಲಿ ಮಗನ ಮನೆಯಲ್ಲಿರುವ ಸೊರಬದ ಕಡೆಯ ಅಮ್ಮ ಒಬ್ಬರು ನಿಂತು, "ತಂಗಿ, ಇದು ನಮ್ಮ ಕಡೆ ಹಸೆ ಅಲ್ದಾ? ಯಾರ ಮನೆಯೋಳು ನೀನು?" ಅಂದರು. ಆಮೇಲೆ ಅವರ ತವರಿನಲ್ಲಿ ಗುರಿಗೆ ಕಾಳನ್ನು ಹೇಗೆ ನೆನೆಸುತ್ತಿದ್ದರು, ಹಳದಿ ತೆಳುವಾದರೆ ಏನು ಮಾಡುತ್ತಿದ್ದರು ಅಂತ ಸ್ಟೂಲಿನ ಮೇಲೆ ಕೂತು ಹೇಳಿದರು. ಆ ಹಳದಿಯನ್ನು ನಾನು ನನ್ನ ಬಣ್ಣದ ಪಟ್ಟಿಯಲ್ಲಿ ಅಂದೇ ಬದಲಿಸಿದೆ. ಈ ಕಲೆ ಯಾರದ್ದೋ ಅವರೇ ಬಂದು ನೋಡಿ ಒಪ್ಪುವ ಜಾಗ ಇನ್ನೊಂದು ನನಗೆ ಸಿಕ್ಕಿಲ್ಲ. ಪ್ರತಿ ಪ್ರಿಂಟಿನ ಹಿಂದೆ "ಸಾಗರ, ಸೊರಬ ಸೀಮೆಯ ದೀವರ ಹೆಂಗಸರ ಹಸೆ ಚಿತ್ತಾರವನ್ನು ನೋಡಿ ಬರೆದದ್ದು" ಅಂತ ಅಚ್ಚು ಹಾಕಿಸುತ್ತೇನೆ. ಸಂತೆಯಲ್ಲಿ ಜನ ಹಾಳೆ ತಿರುಗಿಸಿ ಅದನ್ನು ಓದುತ್ತಾರೆ.

ತೊಂದರೆಗಳೂ ಇವೆ. "ಇದು ಕೈಯಲ್ಲಿ ಬಿಡಿಸಿದ್ದಾ, ಕಂಪ್ಯೂಟರ್ರಾ?" ಎಂಬ ಪ್ರಶ್ನೆ ದಿನವಿಡೀ ಬರುತ್ತದೆ. ಪಕ್ಕದಲ್ಲಿ ಟ್ಯಾಬ್ಲೆಟ್ ಇಟ್ಟು, ಪೆನ್ನಿನಲ್ಲಿ ಒಂದೊಂದೇ ಗೆರೆ ಎಳೆಯುವ ವಿಡಿಯೋ ಓಡಿಸುತ್ತಿದ್ದರೆ ಅರ್ಧ ಉತ್ತರ ಅದೇ ಕೊಡುತ್ತದೆ. ಎಷ್ಟು ಪ್ರತಿಗಳಲ್ಲಿ ಇದು ಎಷ್ಟನೆಯದು ಅಂತ ಪೆನ್ಸಿಲಿನಲ್ಲಿ ಬರೆದು ಸಹಿ ಹಾಕಿದರೆ ಉಳಿದರ್ಧ. ಮಧ್ಯಾಹ್ನದ ಹೊತ್ತಿಗೆ ಜನ ಎಷ್ಟಾಗುತ್ತಾರೆಂದರೆ ನೆಟ್‌ವರ್ಕ್ ನಿಂತೇ ಹೋಗುತ್ತದೆ. ಕ್ಯೂಆರ್ ಕೋಡ್ ಮುಂದೆ ಫೋನ್ ಹಿಡಿದವರು ಚಕ್ರ ತಿರುಗುವುದನ್ನೇ ನೋಡಿ ನೋಡಿ ಮುಂದಿನ ಸ್ಟಾಲಿಗೆ ಹೋಗಿಬಿಡುತ್ತಾರೆ. ಹಾಗಾಗಿ ನನ್ನ ಬೆಲೆಗಳೆಲ್ಲ ನೋಟಿನ ಲೆಕ್ಕಕ್ಕೆ ಹೊಂದುವಂತೆ ಇವೆ: ಎ3ಗೆ ₹1,000, ಎ4ಗೆ ₹500, ಪೋಸ್ಟ್‌ಕಾರ್ಡು ₹100ಕ್ಕೆ ಎರಡು. ನಗದು ಕೊಟ್ಟರೂ ಚಿಲ್ಲರೆ ಹುಡುಕುವ ಕೆಲಸ ಕಡಿಮೆ. ಊಟಕ್ಕೆ ಏಳಬೇಕಾದರೆ ಜೊತೆಗೆ ಒಬ್ಬರು ಬೇಕೇ ಬೇಕು, ನಾನು ತಮ್ಮನನ್ನು ಕರೆದುಕೊಂಡು ಹೋಗುತ್ತೇನೆ.

ಇದೇ ಚಿತ್ರಸಂತೆ ಕೊರೊನಾ ಕಾಲದಲ್ಲಿ, 2021ರ ಜನವರಿಯಲ್ಲಿ, ಆನ್‌ಲೈನಿನಲ್ಲಿ ನಡೆಯಿತು. ರಸ್ತೆಯಲ್ಲಿ ಗುಂಪು ಸೇರುವಂತಿರಲಿಲ್ಲ, ಅಂಥ ಹೊತ್ತಿನಲ್ಲೂ ನಿಲ್ಲಿಸದೆ ನಡೆಸಿದ್ದು ದೊಡ್ಡ ಕೆಲಸ. ಆದರೆ ಚೌಕ ಚೌಕದ ಪುಟ್ಟ ಚಿತ್ರಗಳನ್ನು ಸರಿಸುತ್ತಾ ಹೋದಾಗ ಜಲವರ್ಣ, ತೈಲವರ್ಣ, ಡಿಜಿಟಲ್ ಎಲ್ಲವೂ ನನ್ನ ಕಣ್ಣಿಗೆ ಒಂದೇ ಥರ ಕಂಡವು. 2022ರಲ್ಲಿ ಮಾರ್ಚಿಗೆ ಸರಿದರೂ ಸಂತೆ ಮತ್ತೆ ರಸ್ತೆಗೆ ಬಂತು.

ಬೇರೆ ಜಾಗಗಳೂ ಇವೆ. ಕಾಮಿಕ್ಸ್ ಪ್ರಿಯರ ಮೇಳವಾದ ಬೆಂಗಳೂರಿನ ಕಾಮಿಕ್ ಕಾನ್‌ನಲ್ಲಿ ಕಲಾವಿದರಿಗೆ ಅಂತಲೇ ಟೇಬಲ್ ಇರುತ್ತವೆ. ಪಾತ್ರಗಳನ್ನು ಸೃಷ್ಟಿಸುವವರು, ಸ್ಟಿಕರ್, ಬ್ಯಾಡ್ಜ್ ಮಾಡುವವರು ಕಣ್ಣು ಮುಚ್ಚಿಕೊಂಡು ಅಲ್ಲಿಗೆ ಹೋಗಲಿ. ಅಲ್ಲಿ ಪ್ರಿಂಟಾ ಒರಿಜಿನಲ್ಲಾ ಅಂತ ಯಾರೂ ಕೇಳುವುದಿಲ್ಲ. ನನ್ನ ಹಸೆ ಚಿತ್ತಾರಕ್ಕೆ ಅದು ಹೇಳಿಮಾಡಿಸಿದ ಜಾಗವಲ್ಲ. ಮೂರು ವರ್ಷಕ್ಕೊಮ್ಮೆ ಬರುವ ನಮ್ಮ ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಪೋಸ್ಟ್‌ಕಾರ್ಡು ಹೋಗುತ್ತವೆ, ದೊಡ್ಡ ಪ್ರಿಂಟು ಹೋಗುವುದಿಲ್ಲ.

ದುಡ್ಡಿನ ಲೆಕ್ಕಕ್ಕೆ ಬಂದರೆ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಟನ್ ಕಾಗದದ ಮೇಲೆ ಪಿಗ್ಮೆಂಟ್ ಇಂಕಿನ ಎ3 ಪ್ರಿಂಟಿಗೆ ನನಗೆ ₹350ರ ಹತ್ತಿರ ಬೀಳುತ್ತದೆ. ಸಂತೆಗೆ ಮುಂಚೆ ಹತ್ತು ಹನ್ನೆರಡು ಸಾವಿರ ಕೈಯಿಂದ ಹಾಕಲೇಬೇಕು, ಅದಕ್ಕೆ ಬಸ್ಸು, ಊಟ ಬೇರೆ. ಮಾರದೆ ಉಳಿದದ್ದು ವರ್ಷವಿಡೀ ಇನ್‌ಸ್ಟಾಗ್ರಾಂ ಮೂಲಕ ನಿಧಾನಕ್ಕೆ ಹೋಗುತ್ತದೆ. ಸಂತೆಯಲ್ಲಿ ಕಾರ್ಡು ತೆಗೆದುಕೊಂಡು ಹೋದವರು ತಿಂಗಳಾದ ಮೇಲೆ ಮೆಸೇಜ್ ಮಾಡುವುದೂ ಅಲ್ಲಿಗೇ. ಕೆಲಸ ಬಿಟ್ಟು ಬರಲು ಆಗದವರಿಗೆ, ಮನೆಯಲ್ಲಿ ಪುಟ್ಟ ಮಕ್ಕಳಿರುವವರಿಗೆ ಇನ್‌ಸ್ಟಾಗ್ರಾಂ ಒಂದೇ ಸಾಕಾದೀತು, ಗೆರೆ ದಪ್ಪ ಇಟ್ಟುಕೊಂಡರೆ. ಪ್ರಿಂಟ್ ಸೈಟಿಗೆ ಹಾಕಲೇಬೇಕು ಅನ್ನುವವರು ಅಂಚಿಲ್ಲದ ಚಿತ್ರ ಹಾಕಿ, ಮತ್ತು ಮೊದಲ ಪ್ರತಿಯನ್ನು ನಿಮ್ಮ ಮನೆಗೇ ತರಿಸಿಕೊಂಡು ಸ್ಕೇಲು ಇಟ್ಟು ಅಳೆದು ನೋಡಿ.

ಮೊದಲ ಸಲ ಸಂತೆಗೆ ಹೋಗುವವರು ಎ3 ಕಡಿಮೆ ಮಾಡಿಸಿ, ಎ4 ಜಾಸ್ತಿ ಇರಲಿ. ಬಸ್ಸು, ಮೆಟ್ರೋದಲ್ಲಿ ಬಂದವರು ಚೀಲದೊಳಗೆ ಮಡಿಸದೆ ಹಿಡಿಸುವುದನ್ನೇ ಕೊಳ್ಳುತ್ತಾರೆ. ಹೊಳೆಯುವ ಪ್ಲಾಸ್ಟಿಕ್ ಕವರಿನೊಳಗೆ ತೂಗುಹಾಕಬೇಡಿ, ಬಿಸಿಲಿಗೆ ಎದುರಾದರೆ ಗೆರೆ ಕಾಣುವುದಿಲ್ಲ. ಒಂದು ಪ್ರತಿಯನ್ನಾದರೂ ಕವರಿಲ್ಲದೆ ರಟ್ಟಿಗೆ ಅಂಟಿಸಿ, ಮುಟ್ಟಿ ನೋಡಲು ಬಿಡಿ. ಆ ಪ್ರತಿ ಸಂಜೆಯ ಹೊತ್ತಿಗೆ ಕೊಳೆಯಾಗುತ್ತದೆ, ಅದರ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.