ನಮ್ಮ ಪಟ್ಟಣ ಪಂಚಾಯತ್ ಸೇವೆಗಳು: ದೀರ್ಘಕಾಲದ ಬಳಕೆದಾರನೊಬ್ಬನ ವಿಮರ್ಶೆ

ಕರಾವಳಿಯ ಒಂದು ಸಣ್ಣ ಪಟ್ಟಣದಲ್ಲಿ ಮನೆ, ನಳ್ಳಿ ಸಂಪರ್ಕ ಮತ್ತು ಒಂದು ಪುಟ್ಟ ಅಂಗಡಿಯ ಪರವಾನಗಿ ಹೊಂದಿರುವ ನಾನು, ಇಲ್ಲಿನ ಸ್ಥಳೀಯ ಆಡಳಿತದ ಸೇವೆಗಳನ್ನು ಊರು ಗ್ರಾಮ ಪಂಚಾಯತ್ ಆಗಿದ್ದ ಕಾಲದಿಂದಲೂ ಬಳಸುತ್ತ ಬಂದಿದ್ದೇನೆ. ದಿನಾಂಕ ಮತ್ತು ಸಂಖ್ಯೆಗೆ ಬದ್ಧವಾದ ಕೆಲಸಗಳಲ್ಲಿ ಈ ಕಚೇರಿ ನಿಜವಾಗಿಯೂ ಸುಧಾರಿಸಿದೆ. ಯಾರಾದರೂ ಸ್ಥಳಕ್ಕೆ ಬಂದು ನೋಡಿ ನಿರ್ಧರಿಸಬೇಕಾದ ಕೆಲಸಗಳಲ್ಲಿ ಸುಧಾರಣೆ ಅತ್ಯಲ್ಪ. ಜನರು ಒಟ್ಟಾಗಿ ಪ್ರಶ್ನೆ ಕೇಳುವ ಅವಕಾಶವಂತೂ ಮೊದಲಿಗಿಂತ ಕಡಿಮೆಯಾಗಿದೆ. ಮೇಲ್ದರ್ಜೆಗೇರಿದ ಅಥವಾ ಏರಲಿರುವ ಊರುಗಳ ಜನರಿಗೆ ಉಪಯೋಗವಾದೀತೆಂಬ ಉದ್ದೇಶದಿಂದ ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಸಾವಿರದವರೆಗಿನ ಜನಸಂಖ್ಯೆಯ ಊರುಗಳು ಪಟ್ಟಣ ಪಂಚಾಯತ್ ಆಗುತ್ತವೆ, ಅದಕ್ಕಿಂತ ದೊಡ್ಡವು ಪುರಸಭೆ, ಐವತ್ತು ಸಾವಿರ ದಾಟಿದರೆ ನಗರಸಭೆ. ಈ ಮೂರಕ್ಕೂ 1964ರ ಪುರಸಭೆಗಳ ಕಾಯ್ದೆಯೇ ಅನ್ವಯ. ಭಟ್ಕಳದ ಪಕ್ಕದ ಜಾಲಿ, ಹೊನ್ನಾವರ ತಾಲೂಕಿನ ಮಂಕಿ, ಉಡುಪಿ ಜಿಲ್ಲೆಯ ಬೈಂದೂರು ಹೀಗೆ ಗ್ರಾಮ ಪಂಚಾಯತ್‌ನಿಂದ ಪಟ್ಟಣ ಪಂಚಾಯತ್ ಆದ ಕರಾವಳಿಯ ಊರುಗಳು ಹಲವು. ಬೋರ್ಡು ಬದಲಾದ ದಿನದಿಂದ ಜನರ ಕೈಯಲ್ಲಿದ್ದ ಕಾಗದಗಳೂ ಬದಲಾಗಬೇಕಾಗುತ್ತದೆ ಎನ್ನುವುದು ನಮ್ಮಲ್ಲಿ ಬಹುತೇಕರಿಗೆ ತಿಳಿದದ್ದು ಮನೆ ಮಾರಲು ಅಥವಾ ಬ್ಯಾಂಕಿನಲ್ಲಿ ಸಾಲ ಕೇಳಲು ಹೋದಾಗಲೇ.

ಮೊದಲು ಆಸ್ತಿ ತೆರಿಗೆ. ಈ ವಿಭಾಗಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಸ್ವಯಂ ಘೋಷಣೆಯ ಪದ್ಧತಿಯಲ್ಲಿ ನಾವೇ ನಿವೇಶನ ಮತ್ತು ಕಟ್ಟಡದ ಅಳತೆ ನಮೂದಿಸುತ್ತೇವೆ, ಉಪನೋಂದಣಾಧಿಕಾರಿ ಕಚೇರಿಯ ಮಾರ್ಗಸೂಚಿ ಬೆಲೆಯನ್ನು ಆಧರಿಸಿ ಲೆಕ್ಕ ತಯಾರಾಗುತ್ತದೆ. ಎಪ್ರಿಲ್ ತಿಂಗಳೊಳಗೆ ಇಡೀ ವರ್ಷದ ತೆರಿಗೆ ಕಟ್ಟಿದರೆ ಶೇ. 5 ರಿಯಾಯಿತಿ ಸಿಗುತ್ತದೆ. ಮೇ, ಜೂನ್ ತಿಂಗಳಲ್ಲಿ ರಿಯಾಯಿತಿಯೂ ಇಲ್ಲ, ದಂಡವೂ ಇಲ್ಲ. ಜುಲೈಯಿಂದ ತಿಂಗಳಿಗೆ ಶೇ. 2ರಂತೆ ದಂಡ ಬೀಳುತ್ತದೆ. ಹಿಂದೆ ಚಲನ್ ಬರೆಸಿಕೊಂಡು, ಬ್ಯಾಂಕಿಗೆ ಹೋಗಿ ಹಣ ಕಟ್ಟಿ, ಅದರ ಪ್ರತಿಯನ್ನು ಮತ್ತೆ ಕಚೇರಿಗೆ ತಂದು ರಿಜಿಸ್ಟರಿನಲ್ಲಿ ಏರಿಸಿದರಷ್ಟೇ ಕೆಲಸ ಮುಗಿಯುತ್ತಿತ್ತು. ಈಗ ಮನೆಯಿಂದಲೇ ಕಟ್ಟಬಹುದು, ಮೊಬೈಲ್ ಬಳಸಲು ಬಾರದವರಿಗೆ ಕೌಂಟರಿನಲ್ಲೇ ಚಲನ್ ತೆಗೆದುಕೊಡುತ್ತಾರೆ. ರಸೀದಿಯಲ್ಲಿ ಮೂಲ ತೆರಿಗೆಯ ಕೆಳಗೆ ಆರೋಗ್ಯ, ಗ್ರಂಥಾಲಯ, ಭಿಕ್ಷುಕರ ಪುನರ್ವಸತಿ ಮುಂತಾದ ಉಪಕರಗಳೂ ಕಸ ವಿಲೇವಾರಿ ಶುಲ್ಕವೂ ಬೇರೆ ಬೇರೆಯಾಗಿಯೇ ಇರುತ್ತವೆ. ಅದನ್ನು ಒಮ್ಮೆ ಸಾವಧಾನವಾಗಿ ಓದಬೇಕೆಂದು ನನ್ನ ಸಲಹೆ. ನಾವು ಕಟ್ಟುವ ಪೂರ್ತಿ ಮೊತ್ತ ಊರಿನ ರಸ್ತೆಗೂ ದೀಪಕ್ಕೂ ಉಳಿಯುತ್ತದೆಂಬ ಗ್ರಹಿಕೆ ಸರಿಯಲ್ಲ. ಗ್ರಂಥಾಲಯ ಕರ, ಭಿಕ್ಷುಕರ ಕರದಂಥವನ್ನು ಪಂಚಾಯತ್ ವಸೂಲು ಮಾಡಿ ಬೇರೆಡೆಗೆ ಪಾವತಿಸಬೇಕಾಗುತ್ತದೆ.

ಜನನ ಮತ್ತು ಮರಣ ನೋಂದಣಿಯೂ ಸಮಾಧಾನಕರ. ಇಪ್ಪತ್ತೊಂದು ದಿನದೊಳಗೆ ಮಾಹಿತಿ ಕೊಟ್ಟರೆ ಯಾವ ತೊಡಕೂ ಇಲ್ಲ. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಮನೆಯಲ್ಲೇ ತೀರಿಕೊಂಡ ಹಿರಿಯರ ವಿಷಯದಲ್ಲಿ ಈ ವಿಳಂಬ ನಮ್ಮ ಕಡೆ ಇಂದಿಗೂ ಆಗುತ್ತಿರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇ-ಖಾತಾ, ಅಂದರೆ ಆಸ್ತಿಯ ಗಣಕೀಕೃತ ದಾಖಲೆಯ ವಿಷಯಕ್ಕೆ ಬಂದರೆ ಚಿತ್ರ ಅಷ್ಟು ಸರಳವಲ್ಲ. ಗ್ರಾಮ ಪಂಚಾಯತ್ ಕಾಲದಲ್ಲಿ ನಮ್ಮ ಬಳಿ ಇದ್ದದ್ದು ಇ-ಸ್ವತ್ತು ತಂತ್ರಾಂಶದಿಂದ ತೆಗೆದ ನಮೂನೆ 9 ಮತ್ತು 11, ಜನರ ಬಾಯಲ್ಲಿ ನೈನ್-ಇಲೆವೆನ್. ಪಟ್ಟಣ ಪಂಚಾಯತ್ ಆದ ಮೇಲೆ ಅದೇ ಆಸ್ತಿಗೆ ಇ-ಆಸ್ತಿ ತಂತ್ರಾಂಶದ ನಮೂನೆ 3 ಬೇಕು. 2024ರ ಅಕ್ಟೋಬರಿನಲ್ಲಿ ನೋಂದಣಿಗೆ ಇ-ಖಾತಾ ಕಡ್ಡಾಯವಾದ ನಂತರವಂತೂ ಅದಿಲ್ಲದೆ ಕ್ರಯಪತ್ರವೂ ಇಲ್ಲ, ದಾನಪತ್ರವೂ ಇಲ್ಲ. ಭೂಪರಿವರ್ತನೆ ಆಗಿದ್ದರೂ ಏಕ ನಿವೇಶನ ವಿನ್ಯಾಸಕ್ಕೆ (ಒಂದೇ ನಿವೇಶನದ ನಕ್ಷೆಗೆ) ಅನುಮೋದನೆ ಪಡೆಯದ ಮನೆಗಳು ನಮ್ಮ ಎರಡು ಮೂರು ಜಿಲ್ಲೆಗಳಲ್ಲಿ ಸಾಕಷ್ಟಿವೆ. ಇಲ್ಲಿ ಬಡಾವಣೆ ಎಂಬ ಕಲ್ಪನೆಯೇ ಇರಲಿಲ್ಲ. ತೆಂಗಿನ ತೋಟದ ಮೂಲೆಯೊಂದನ್ನು ಪಾಲು ಮಾಡಿಕೊಂಡು ಅಣ್ಣತಮ್ಮಂದಿರು ಮನೆ ಕಟ್ಟಿಕೊಂಡಿದ್ದಾರೆ. ಚೌಕ ನಿವೇಶನಗಳ ಬಯಲುಸೀಮೆಯ ನಗರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅರ್ಜಿ ನಮೂನೆಯೊಳಗೆ ಈ ಆಸ್ತಿಗಳನ್ನು ಕೂರಿಸುವುದು ಅರ್ಜಿದಾರರಿಗೂ ಕಷ್ಟ, ವಿಷಯ ನಿರ್ವಾಹಕರಿಗೂ ಕಷ್ಟ. ಅಧಿಕೃತವಲ್ಲದ ಆಸ್ತಿಗಳಿಗೆ ಬಿ-ಖಾತಾ ಕೊಡುವ ಅಭಿಯಾನ 2025ರ ಫೆಬ್ರುವರಿಯಲ್ಲಿ ಶುರುವಾದ ಮೇಲೆ ಕೆಲವರಿಗೆ ದಾರಿ ಸಿಕ್ಕಿದೆ.

ನನ್ನ ಖಾತೆಯ ಕೆಲಸದಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಕರಡು ಪ್ರತಿಯಲ್ಲಿ ಮಾಲೀಕರ ಹೆಸರು, ವಿಸ್ತೀರ್ಣ, ಕ್ರಯಪತ್ರದ ಸಂಖ್ಯೆ ಎಲ್ಲವೂ ಸರಿಯಾಗಿದ್ದವು. ಆದರೆ ಚಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಉತ್ತರಕ್ಕೆ ‘ತೋಡು’ ಎಂದು ಕ್ರಯಪತ್ರದಲ್ಲಿದ್ದದ್ದು ಕರಡಿನಲ್ಲಿ ‘ರಸ್ತೆ’ ಎಂದಾಗಿತ್ತು. ನೋಡಲು ಒಂದೇ ಪದದ ವ್ಯತ್ಯಾಸ. ಅದು ಹಾಗೆಯೇ ಉಳಿದಿದ್ದರೆ ಮಳೆನೀರು ಹರಿಯುವ ಸರಕಾರಿ ತೋಡೊಂದು ದಾಖಲೆಯಲ್ಲಿ ಇಲ್ಲವಾಗಿ, ಮುಂದೆ ಯಾರಾದರೂ ಅದನ್ನು ಮುಚ್ಚಿದರೆ ನಾವು ತೋರಿಸಲು ಕಾಗದವೇ ಇರುತ್ತಿರಲಿಲ್ಲ. ಮುಖ್ಯಾಧಿಕಾರಿಗಳ ಡಿಜಿಟಲ್ ಸಹಿ ಬೀಳುವ ಮೊದಲಾದ್ದರಿಂದ ಕೌಂಟರಿನ ಸಿಬ್ಬಂದಿ ಕ್ರಯಪತ್ರ ನೋಡಿ ಕೂಡಲೇ ತಿದ್ದಿಕೊಟ್ಟರು, ಅದಕ್ಕಾಗಿ ಅವರಿಗೆ ಕೃತಜ್ಞ. ಸಹಿಯಾದ ಮೇಲೆ ಗೊತ್ತಾದವರು ತಿದ್ದುಪಡಿಗೆ ಬೇರೆ ಅರ್ಜಿ ಹಾಕಿ ಕಾದಿದ್ದಾರೆ. ಕರಡು ಪ್ರತಿಯನ್ನು ಕೇಳಿ ಪಡೆದು, ನಾಲ್ಕು ದಿಕ್ಕನ್ನೂ ಕ್ರಯಪತ್ರದೊಂದಿಗೆ ತಾಳೆ ನೋಡದೆ ಒಪ್ಪಿಗೆ ಕೊಡಬೇಡಿ.

ಯಾವ ಅರ್ಜಿ ಕೊಟ್ಟರೂ, ಗಡುವಿನೊಳಗೆ ಸೇವೆ ಕೊಡಿಸುವ ‘ಸಕಾಲ’ ಯೋಜನೆಯ ಸ್ವೀಕೃತಿ ಪಡೆಯುವುದು ಈ ಸೇವೆಯ ಬೆನ್ನೆಲುಬು. 2011ರ ಕಾಯ್ದೆಯಡಿ ಈ ಯೋಜನೆ ಮೊದಲು ನಾಲ್ಕು ತಾಲೂಕುಗಳಲ್ಲಿ ಪ್ರಾಯೋಗಿಕವಾಗಿ ನಡೆದು, ಅದರಲ್ಲಿ ನಮ್ಮ ಕಡೆಯ ಪುತ್ತೂರೂ ಒಂದು, 2012ರ ಎಪ್ರಿಲ್‌ನಲ್ಲಿ ರಾಜ್ಯವಿಡೀ ಬಂತು. ಹದಿನೈದು ಅಂಕಿಯ ಸಂಖ್ಯೆ ಕೈಗೆ ಬಂದ ಕ್ಷಣದಿಂದ ಗಡುವು ಲೆಕ್ಕಕ್ಕೆ ಬರುತ್ತದೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆ ಹಣಕ್ಕಾಗಿ ಯಾರೂ ಹೋಗುವುದಿಲ್ಲ ನಿಜ, ಆದರೆ ಸಂಖ್ಯೆ ಇರುವ ಕಡತಕ್ಕೂ ಸಂಖ್ಯೆ ಇಲ್ಲದ ಕಡತಕ್ಕೂ ಮೇಜಿನ ಮೇಲೆ ಸಿಗುವ ಸ್ಥಾನ ಬೇರೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ‘ಅರ್ಜಿ ಇಟ್ಟು ಹೋಗಿ, ನೋಡುತ್ತೇವೆ’ ಎಂದು ಟಪಾಲಿನಲ್ಲಿ ತೆಗೆದುಕೊಂಡ ಅರ್ಜಿಗಳು ತಿಂಗಳುಗಟ್ಟಲೆ ಅಲ್ಲೇ ಉಳಿದದ್ದಿದೆ.

ಇನ್ನು ಸ್ಥಳಕ್ಕೆ ಬರಬೇಕಾದ ಕೆಲಸಗಳು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬೀಳುವ ಈ ಕರಾವಳಿ ಪಟ್ಟಿಯಲ್ಲಿ ಸ್ಥಳೀಯ ಆಡಳಿತದ ನಿಜವಾದ ಪರೀಕ್ಷೆ ತೋಡು ಮತ್ತು ಚರಂಡಿಗಳಲ್ಲೇ. ನಮ್ಮ ಬೀದಿಯ ತೋಡು ಹೊಳೆಗೆ ಸೇರುವಲ್ಲಿ ಒಂದು ಬಾಗಿಲು ಇದೆ. ಭರತದ (ಸಮುದ್ರದ ಉಬ್ಬರದ) ಹೊತ್ತಿಗೆ ಹೊಳೆಯ ನೀರು ಮೇಲೇರಿ ಒಳಗೆ ನುಗ್ಗದಂತೆ ಅದನ್ನು ಇಳಿಸಬೇಕು, ಇಳಿತ ಶುರುವಾದೊಡನೆ ಎತ್ತಬೇಕು. ಜೋರು ಮಳೆ ಮತ್ತು ಭರತ ಒಟ್ಟಿಗೆ ಬಂದ ರಾತ್ರಿ ಬಾಗಿಲನ್ನು ನೋಡಿಕೊಳ್ಳುವವರು ಇಲ್ಲದಿದ್ದರೆ, ತೋಡಿನಲ್ಲಿ ಎಷ್ಟೇ ಹೂಳು ತೆಗೆದಿದ್ದರೂ ನೀರು ಅಂಗಳಕ್ಕೆ ಬರುತ್ತದೆ. ಪ್ರತಿವರ್ಷ ಮಳೆಗಾಲದ ಪೂರ್ವಸಿದ್ಧತೆಯ ಹೆಸರಿನಲ್ಲಿ ಹೂಳೆತ್ತುವುದು ರಸ್ತೆಗೆ ಕಾಣುವ ಭಾಗದಲ್ಲಿ. ಹೆದ್ದಾರಿಯ ಅಡಿಯ ಮೋರಿ ಒಂದು ಇಲಾಖೆಯದು, ಹೊಳೆಬದಿಯ ಬಾಗಿಲು ಇನ್ನೊಂದರದು, ನಡುವಿನ ತೋಡು ಮಾತ್ರ ತಮ್ಮದೆಂಬ ಉತ್ತರ ಕಚೇರಿಯಲ್ಲಿ ಯಾವಾಗಲೂ ಸಿದ್ಧ. ಹೂಳೆತ್ತಿದ ಮಣ್ಣನ್ನು ಅಂಚಿನಲ್ಲೇ ರಾಶಿ ಹಾಕಿ ಹೋದರೆ ಮೊದಲ ಮಳೆಗೇ ಅದು ಮರಳಿ ಒಳಗೆ ಇಳಿಯುತ್ತದೆ ಎನ್ನುವುದನ್ನಂತೂ ಹೇಳಿ ಹೇಳಿ ಸಾಕಾಗಿದೆ.

ಈ ಬಗ್ಗೆ ‘ಜನಹಿತ’ ತಂತ್ರಾಂಶದಲ್ಲಿ ಚಿತ್ರ ಸಹಿತ ದೂರು ಕೊಟ್ಟಿದ್ದೆ. ಬೀದಿ ದೀಪ ಉರಿಯುತ್ತಿಲ್ಲ, ಕಸದ ಗಾಡಿ ಬಂದಿಲ್ಲ ಎಂಬಂಥ ದೂರುಗಳಿಗೆ ಇದು ಒಳ್ಳೆಯ ಸಾಧನ. ದೀಪದ ವಿಷಯದಲ್ಲಿ ಎರಡು ಮೂರು ದಿನದೊಳಗೆ ಲೈನ್‌ಮನ್ ಬಂದು ಹೋದದ್ದನ್ನು ಅನೇಕ ಬಾರಿ ನೋಡಿದ್ದೇನೆ. ತೋಡಿನ ದೂರು ಮಾತ್ರ ‘ಪರಿಹರಿಸಲಾಗಿದೆ’ ಎಂಬ ಷರಾದೊಂದಿಗೆ ಮುಚ್ಚಿತು, ಲಗತ್ತಿಸಿದ್ದ ಚಿತ್ರ ಬೇರೆ ವಾರ್ಡಿನ ಕಾಂಕ್ರೀಟ್ ಚರಂಡಿಯದು. ಆಗ ನೆರೆಹೊರೆಯವರೆಲ್ಲ ಸೇರಿ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ, ಆ ವರ್ಷದ ಹೂಳೆತ್ತುವ ಕಾಮಗಾರಿಯ ಅಂದಾಜುಪಟ್ಟಿ, ಅಳತೆ ಪುಸ್ತಕದ ಪುಟಗಳು ಮತ್ತು ಬಿಲ್ಲಿನ ಪ್ರತಿ ಕೇಳಿದೆವು. ಮೂವತ್ತು ದಿನದೊಳಗೆ ಪ್ರತಿಗಳು ಬಂದವು, ಅದರಲ್ಲಿ ವಿಳಂಬವಾಗಲಿಲ್ಲ. ಅಳತೆ ಪುಸ್ತಕದಲ್ಲಿ ತೋಡಿನ ಉದ್ದ ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆದಿತ್ತೋ ಅದನ್ನು ಟೇಪು ಹಿಡಿದು ಅಳೆದು, ಕೆಲಸ ನಡೆಯದ ಭಾಗವನ್ನು ಗುರುತಿಸಿ ಕಿರಿಯ ಅಭಿಯಂತರರಿಗೆ ತೋರಿಸಿದ ಮೇಲೆ ಉಳಿದ ತುಂಡಿನ ಹೂಳು ಮೇ ತಿಂಗಳ ಕೊನೆಯ ವಾರದಲ್ಲಿ ಎತ್ತಲಾಯಿತು. ದೂರಿಗಿಂತ ದಾಖಲೆ ಬೇಗ ಕೆಲಸ ಮಾಡಿತು.

ಬೇಸಿಗೆಯ ನೀರಿನದು ಇನ್ನೊಂದು ಬಗೆಯ ಸಂಕಟ. ಹೊಳೆಗೆ ಕಟ್ಟಿದ ಕಿಂಡಿ ಅಣೆಕಟ್ಟಿಗೆ ಮಳೆ ನಿಂತ ಮೇಲೆ ಸರಿಯಾದ ಹೊತ್ತಿಗೆ ಹಲಗೆ ಹಾಕಿದರೆ ಸಿಹಿನೀರು ಹಿಂದೆ ನಿಲ್ಲುತ್ತದೆ, ತಡವಾದರೆ ಅಥವಾ ಹಲಗೆಗಳ ನಡುವೆ ಸಂದು ಬಿಟ್ಟರೆ ಉಪ್ಪುನೀರು ಮೇಲೇರಿ, ನಳ್ಳಿಗೆ ನೀರೆತ್ತುವ ಬಾವಿಯಾದ ಜಾಕ್‌ವೆಲ್ ತಲುಪುತ್ತದೆ. ಎಪ್ರಿಲ್–ಮೇ ತಿಂಗಳಲ್ಲಿ ನಳ್ಳಿಯಲ್ಲಿ ದಿನ ಬಿಟ್ಟು ದಿನ ನೀರು ಬರುವುದನ್ನು ನಾವು ಒಪ್ಪಿಕೊಂಡಿದ್ದೇವೆ. ಬಂದ ನೀರು ಚಹಾಕ್ಕೂ ಆಗದಷ್ಟು ಉಪ್ಪಾಗಿರುವುದನ್ನು ಒಪ್ಪುವುದು ಸಾಧ್ಯವಿಲ್ಲ. ಕುಡಿಯುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 250 ಮಿಲಿಗ್ರಾಂ ಒಳಗಿರಬೇಕೆಂಬುದು ಭಾರತೀಯ ಮಾನಕ. ಬೇಸಿಗೆಯ ಎರಡು ತಿಂಗಳು ಪ್ರತಿದಿನದ ಪರೀಕ್ಷೆಯ ಅಂಕಿಯನ್ನು ಕಚೇರಿಯ ಫಲಕದಲ್ಲಿ ಬರೆದರೆ, ಯಾವ ದಿನದ ನೀರನ್ನು ಅಡುಗೆಗೆ ಬಳಸಬೇಕು, ಯಾವ ದಿನದ್ದನ್ನು ಬಟ್ಟೆ ಒಗೆಯಲು ಇಟ್ಟುಕೊಳ್ಳಬೇಕೆಂದು ಜನರೇ ತೀರ್ಮಾನಿಸಿಕೊಳ್ಳುತ್ತಾರೆ. ಇದನ್ನು ಲಿಖಿತವಾಗಿ ಕೇಳಿದ್ದೇವೆ, ಇನ್ನೂ ಆಗಿಲ್ಲ. ಟ್ಯಾಂಕರ್ ಚಾಲಕರು ಮತ್ತು ವಾಲ್ವ್ ತಿರುಗಿಸುವ ನೌಕರರ ದುಡಿಮೆಯ ಬಗ್ಗೆ ಯಾವ ದೂರೂ ಇಲ್ಲ. ಆ ದಿನಗಳಲ್ಲಿ ಅವರು ರಾತ್ರಿ ಹಗಲೆನ್ನದೆ ಓಡಾಡುತ್ತಾರೆ.

ಹೊಳೆಬದಿಯಲ್ಲಿ ಮನೆ ಕಟ್ಟುವವರಿಗೆ ಒಂದು ಮಾತು. ಕರಾವಳಿ ನಿಯಂತ್ರಣ ವಲಯ ಎಂದರೆ ಸಮುದ್ರ ತೀರ ಮಾತ್ರ ಎಂದು ಅನೇಕರು ಭಾವಿಸಿದ್ದಾರೆ. ಭರತ–ಇಳಿತದ ಪ್ರಭಾವ ಇರುವ ಹೊಳೆಗಳ ದಡಕ್ಕೂ ಅದು ಅನ್ವಯಿಸುತ್ತದೆ: 2011ರ ಅಧಿಸೂಚನೆಯಲ್ಲಿ ನೂರು ಮೀಟರ್ ಅಥವಾ ಹೊಳೆಯ ಅಗಲ ಎಂದಿದ್ದದ್ದು 2019ರದ್ದರಲ್ಲಿ ಐವತ್ತು ಮೀಟರ್ ಅಥವಾ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಈ ನಕ್ಷೆ ಕಚೇರಿಯ ಗೋಡೆಯ ಮೇಲೆ ಇರಬೇಕಿತ್ತು. ನಮ್ಮಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಬಹಳ ದಿನ ಕಾದ ಮೇಲೆ ‘ನಿಮ್ಮ ಜಾಗ ವಲಯದೊಳಗೆ ಬರುತ್ತದೆ’ ಎಂಬ ಹಿಂಬರಹ ಕೈಗೆ ಬರುತ್ತದೆ.

ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿರುವುದು ಗ್ರಾಮಸಭೆ ಇಲ್ಲವಾದದ್ದು. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕಿತ್ತು, ನಡೆಯುತ್ತಿತ್ತು. ಶಾಲೆಯ ಸಭಾಂಗಣದಲ್ಲಿ ಮೀನು ಮಾರುವ ಹೆಂಗಸರು ಎದ್ದು ನಿಂತು, ಮಾರುಕಟ್ಟೆಗೆ ಕಲ್ಲು ಹಾಸುವುದು ಯಾವಾಗ ಎಂದು ಅಧ್ಯಕ್ಷರನ್ನೂ ಪಂಚಾಯತ್ ಅಭಿವೃದ್ಧಿ ಅಧಿಕಾರಿಯನ್ನೂ (ಪಿಡಿಒ) ನೇರವಾಗಿ ಕೇಳುತ್ತಿದ್ದರು. ಪಟ್ಟಣವಾದ ಮೇಲೆ ಅಂಥ ಸಭೆಗೆ ಕಾನೂನಿನ ಆಧಾರವೇ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕೂ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ. ಹಳ್ಳಿಗೆ ಗ್ರಾಮಸಭೆ ಇದೆ, ಮಹಾನಗರಕ್ಕೆ ವಾರ್ಡ್ ಸಮಿತಿ ಇದೆ, ನಡುವಿನ ನಮ್ಮಂಥ ಊರಿಗೆ ಎರಡೂ ಇಲ್ಲ. ಉದ್ಯೋಗ ಖಾತರಿಯ ಕೆಲಸವೂ ಗ್ರಾಮ ಪಂಚಾಯತ್‌ನೊಂದಿಗೇ ಹೋಯಿತು. ಉಳಿದಿರುವುದು ಸದಸ್ಯರ ಸಾಮಾನ್ಯ ಸಭೆ. ಅದರ ಅಧ್ಯಕ್ಷ, ಉಪಾಧ್ಯಕ್ಷರ ಅವಧಿ ಮೂವತ್ತು ತಿಂಗಳು. ಮೀಸಲಾತಿ ಪಟ್ಟಿಯ ವ್ಯಾಜ್ಯದಿಂದಾಗಿ, 2018ರಲ್ಲಿ ಚುನಾವಣೆ ನಡೆದ ರಾಜ್ಯದ ಹಲವು ಪಟ್ಟಣಗಳಲ್ಲಿ 2020ರವರೆಗೂ ಆ ಸ್ಥಾನಗಳೇ ತುಂಬಿರಲಿಲ್ಲ. ಅಷ್ಟು ಕಾಲ ಕಡತಗಳು ನಡೆದದ್ದು ಆಡಳಿತಾಧಿಕಾರಿಗಳ ಸಹಿಯಲ್ಲಿ, ವಾರ್ಡಿನಿಂದ ಗೆದ್ದವರ ಬಳಿ ಹೋದರೆ ಅವರೂ ಅಸಹಾಯಕರು.

ಆಯವ್ಯಯದ ಪೂರ್ವಭಾವಿ ಸಭೆಗೆ ಸಾರ್ವಜನಿಕರನ್ನು ಕರೆಯುವ ಪದ್ಧತಿ ಇದೆ, ನಾನು ತಪ್ಪದೆ ಹೋಗುತ್ತೇನೆ. ಅದನ್ನು ಕರೆಯುವುದು ಕೆಲಸದ ದಿನದ ಬೆಳಿಗ್ಗೆ ಹನ್ನೊಂದಕ್ಕೆ. ಆ ಹೊತ್ತಿಗೆ ಮೀನುಗಾರರು ಬಂದರಿನಲ್ಲಿ, ಹೆಂಗಸರು ಮಾರುಕಟ್ಟೆಯಲ್ಲಿ ಇರುತ್ತಾರೆ. ಬರುವವರು ನಿವೃತ್ತರು, ಗುತ್ತಿಗೆದಾರರು ಮತ್ತು ವರದಿಗಾರರು. ಅದೇ ಸಭೆಯನ್ನು ಭಾನುವಾರ ಸಂಜೆ ಕರೆಯಬೇಕು, ವಾರ್ಡಿಗೊಂದರಂತೆ ವರ್ಷಕ್ಕೆ ಎರಡು ಸಲ ಜನರ ಸಭೆ ನಡೆಸಿ ಅದರ ನಡಾವಳಿಯನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಬೇಕು ಎಂದು ನಮ್ಮ ಬೀದಿಯವರೆಲ್ಲ ಸಹಿ ಹಾಕಿದ ಮನವಿಯನ್ನು ಮುಖ್ಯಾಧಿಕಾರಿಗಳಿಗೆ ಕೊಟ್ಟಿದ್ದೇವೆ. ಕಾನೂನು ಕಡ್ಡಾಯ ಮಾಡದಿದ್ದರೂ ಇಂಥ ಸಭೆ ಕರೆಯಬಾರದೆಂದು ಎಲ್ಲಿಯೂ ಹೇಳಿಲ್ಲ. ಟಪಾಲು ವಿಭಾಗದಲ್ಲಿ ದಿನಾಂಕದ ಮೊಹರು ಹಾಕಿಸಿ ಸ್ವೀಕೃತಿ ಪಡೆದಿದ್ದೇವೆ, ಮುಂದಿನ ಸಾಮಾನ್ಯ ಸಭೆಗೆ ಅದು ಬರುತ್ತದೆಯೇ ಎಂದು ನಮ್ಮ ವಾರ್ಡಿನ ಸದಸ್ಯರನ್ನು ಕೇಳುತ್ತಿದ್ದೇವೆ.