ಫ್ರೀಡಂ ಪಾರ್ಕ್: ಪ್ರತಿಭಟನೆಯ ಜಾಗವಾಗಿ ಹೇಗಿದೆ?

ಹಳೇ ಸೆಂಟ್ರಲ್ ಜೈಲಿನ ಈ ಜಾಗವೇ ಬೆಂಗಳೂರಿನ ಧರಣಿಗಳಿಗೆ ಗೊತ್ತುಪಡಿಸಿದ ತಾಣ. 2021ರ ಪೊಲೀಸ್ ಆದೇಶ, 2022ರ ಹೈಕೋರ್ಟ್ ನಿರ್ದೇಶನಗಳ ನಂತರ ಟೌನ್‌ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ವೃತ್ತ ನೆಚ್ಚಿಕೊಂಡರೆ ಪೊಲೀಸ್ ವ್ಯಾನ್ ಹತ್ತಬೇಕಾದೀತು.

ಜಾಗ ಒಳ್ಳೆಯದೇ. ಮೆಜೆಸ್ಟಿಕ್ ಹತ್ತಿರ, ಸೆಂಟ್ರಲ್ ಕಾಲೇಜು ಮೆಟ್ರೋದಿಂದ ನಡೆದೇ ಬರಬಹುದು.

ತೊಡಕಿರುವುದು ಪೊಲೀಸರ ಅನುಮತಿಯಲ್ಲಿ. ಅರ್ಜಿಯಲ್ಲಿ ಉದ್ದೇಶ, ದಿನಾಂಕ, ಶುರು ಮತ್ತು ಮುಗಿಯುವ ಹೊತ್ತು, ಜನರ ಅಂದಾಜು, ಹೊಣೆಗಾರರ ಫೋನ್ ನಂಬರ್ ಬರೆಯಿರಿ. ಕೊಟ್ಟ ಅರ್ಜಿಯ ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಠಾಣೆಯಿಂದ ಹೊರಡಬೇಡಿ. ಬಾಯಿಮಾತಿನ ಒಪ್ಪಿಗೆ ಮರುದಿನ ಲೆಕ್ಕಕ್ಕಿಲ್ಲ. ಧ್ವನಿವರ್ಧಕಕ್ಕೂ ಲಿಖಿತ ಅನುಮತಿ ಬೇಕು. ಇದನ್ನು ಮರೆತವರ ಮೈಕೇ ಮೊದಲು ಬಂದ್ ಆಗುವುದು. ರೈಲು ನಿಲ್ದಾಣದಿಂದ ಮೆರವಣಿಗೆಯಲ್ಲಿ ಬರುವ ಯೋಚನೆಯಿದ್ದರೆ ಆ ದಾರಿಯನ್ನೂ ಅರ್ಜಿಯಲ್ಲೇ ಕೇಳಿ; ಪಾರ್ಕಿಗೆ ಸಿಕ್ಕ ಒಪ್ಪಿಗೆ ರಸ್ತೆಗೆ ಅನ್ವಯಿಸುವುದಿಲ್ಲ.

ದೊಡ್ಡ ಕೊರತೆ ಬೇರೆಯೇ: ವಿಧಾನಸೌಧ ಇಲ್ಲಿಂದ ಕಾಣುವುದಿಲ್ಲ. ಕೇಳಬೇಕಾದವರ ಕಿವಿಗೆ ಘೋಷಣೆ ಬೀಳದ ಜಾಗಕ್ಕೆ ಸಭೆ ಸೇರುವ ಹಕ್ಕನ್ನು ಕಟ್ಟಿಹಾಕಿದ್ದು ಸರಿಯಲ್ಲ. ಮನವಿ ಸ್ವೀಕರಿಸಲು ಅಧಿಕಾರಿ ಪಾರ್ಕಿಗೇ ಬರಬೇಕೆಂದು ಅರ್ಜಿಯ ಜೊತೆಗೇ ಸಂಬಂಧಪಟ್ಟ ಇಲಾಖೆಗೆ ಪತ್ರ ಕೊಟ್ಟಿರಿ.