ಬೆಂಗಳೂರಿನ ಗಾಂಧಿ ಬಜಾರ್ ಹತ್ತಿರ ಬಾಡಿಗೆ ಮನೆ: ಏಳೆಂಟು ವರ್ಷ ಇದ್ದವಳ ವಿಮರ್ಶೆ

ನಾವು ಕೊಡುವ ಬಾಡಿಗೆಗೆ ಕನಕಪುರ ರಸ್ತೆಯ ಆಚೆ ಲಿಫ್ಟ್, ಜಿಮ್, ಸೆಕ್ಯೂರಿಟಿ ಎಲ್ಲ ಇರುವ ಫ್ಲ್ಯಾಟ್ ಸಿಗುತ್ತದೆ. ಬಸವನಗುಡಿಯಲ್ಲಿ ಅದೇ ದುಡ್ಡಿಗೆ ನಮಗೆ ಸಿಕ್ಕಿದ್ದು ಹಳೇ ಕೆಂಪು ನೆಲದ, ಕಿರಿದಾದ ಮೆಟ್ಟಿಲಿನ ಮೊದಲನೇ ಮಹಡಿ ಮನೆ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರು ಹೊರಗೇ. ಆದರೂ ಮನೆ ಬದಲಾಯಿಸುವ ಮಾತು ಬಂದಾಗಲೆಲ್ಲ ಮನೆಯವರೆಲ್ಲ ಬೇಡ ಅಂತಲೇ ಹೇಳಿದ್ದೇವೆ. ಯಾಕೆ ಅಂತ ಬರೆಯುತ್ತೇನೆ, ತೊಂದರೆಗಳನ್ನೂ ಬಿಡದೆ ಬರೆಯುತ್ತೇನೆ.

ಮೊದಲು ಮನೆಯ ವಿಷಯ. 1898ರಲ್ಲಿ ಪ್ಲೇಗ್ ಬಂದ ಮೇಲೆ, ಪೇಟೆಯ ಇಕ್ಕಟ್ಟು ಬಿಟ್ಟು ಜನ ಹೊರಗೆ ಇರಲಿ ಅಂತ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಿದರು. ಆಗಿನ ಸೈಟುಗಳು ದೊಡ್ಡವು. ಅಣ್ಣ ತಮ್ಮಂದಿರ ಪಾಲಾಗುತ್ತಾ ಬಂದ ಹಾಗೆ ಒಂದೇ ಕಾಂಪೌಂಡಿನಲ್ಲಿ ಕೆಳಗೊಂದು, ಮೇಲೊಂದು, ಹಿತ್ತಲಲ್ಲೊಂದು ಮನೆ ಎದ್ದವು. ಬಾಡಿಗೆಗೆ ಸಿಗುವುದು ಹೆಚ್ಚಾಗಿ ಇಂಥವೇ. ಹಾಗಾಗಿ ಇಲ್ಲಿ ಮನೆ ನೋಡುವಾಗ ಕೇಳಲೇಬೇಕಾದ ಮೊದಲ ಪ್ರಶ್ನೆ: ಈ ಸಂಪ್ ಎಷ್ಟು ಮನೆಗೆ?

ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಅದೂ ಬೆಳಗಿನ ಜಾವ. ಸಂಪ್ ಒಂದೇ, ಮನೆ ಮೂರು. ಮೋಟರ್ ಹಾಕುವ ಪಾಳಿಯನ್ನು ಮೂರೂ ಮನೆಯವರು ಕೂತು ಮಾತಾಡಿಕೊಂಡಿದ್ದೇವೆ, ಇವತ್ತಿನವರೆಗೂ ಜಗಳ ಆಗಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಕಡೆ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಹಿಂದೆ ಓಡಿದರು. ಆಗ ಹಳೇ ಬಡಾವಣೆಯ ಕಾವೇರಿ ಪೈಪಿನ ಬೆಲೆ ನನಗೆ ಚೆನ್ನಾಗಿ ಗೊತ್ತಾಯಿತು. ಮನೆ ನೋಡಲು ಹೋದಾಗ ನಲ್ಲಿ ತಿರುಗಿಸಿ ನೋಡಿದರೆ ಸಾಲದು. ಸಂಪಿನ ಮುಚ್ಚಳ ತೆಗೆಸಿ ನೋಡಿ.

ಕರೆಂಟಿಗೆ ಪ್ರತ್ಯೇಕ ಮೀಟರ್ ಇದೆಯಾ ಅಂತಲೂ ಕೇಳಿ. ಗೃಹಜ್ಯೋತಿ ಬಾಡಿಗೆದಾರರಿಗೂ ಸಿಗುತ್ತದೆ. ಆದರೆ ಆ ಮೀಟರಿನ ಆರ್‌ಆರ್ ನಂಬರಿಗೆ (ಕರೆಂಟ್ ಬಿಲ್ಲಿನಲ್ಲಿರುವ ಸಂಪರ್ಕ ಸಂಖ್ಯೆ) ಹಿಂದೆ ಇದ್ದವರ ಆಧಾರ್ ಜೋಡಣೆ ಆಗಿದ್ದರೆ ಮೊದಲು ಅದನ್ನು ತೆಗೆಸಬೇಕು. ಕೀ ತಗೊಳ್ಳುವ ಮುಂಚೆಯೇ ಇದನ್ನು ಮುಗಿಸಿಕೊಳ್ಳಿ.

ಅಡ್ವಾನ್ಸ್ ಈ ಊರಿನ ದೊಡ್ಡ ತಲೆನೋವು. ಹತ್ತು ತಿಂಗಳ ಬಾಡಿಗೆ ಕೇಳುವ ಮಾಲೀಕರು ಈಗಲೂ ಇದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆ ಸಾಕು ಅಂತಿದೆ. ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿ ಕಾನೂನು ಮಾಡಬೇಕು. ಅಗ್ರಿಮೆಂಟ್ ಎಲ್ಲರದ್ದೂ 11 ತಿಂಗಳು, ಯಾಕೆಂದರೆ ಒಂದು ವರ್ಷ ಮೀರಿದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸಬೇಕಾಗುತ್ತದೆ. ಪ್ರತಿ ಸಲ ನವೀಕರಿಸುವಾಗ ಐದು ಪರ್ಸೆಂಟ್ ಏರಿಕೆ. ನಮ್ಮ ಈಗಿನ ಮಾಲೀಕರು ಕೊರೊನಾ ವರ್ಷ ತಾವಾಗಿಯೇ ಏರಿಸಲಿಲ್ಲ, ಅದನ್ನು ನಾವು ಮರೆತಿಲ್ಲ.

ಇದಕ್ಕೂ ಮುಂಚೆ ಪಕ್ಕದ ಬಡಾವಣೆಯಲ್ಲಿದ್ದ ಮನೆ ಬಿಡುವಾಗ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಅದು ಇಲ್ಲಿನ ರೂಢಿ, ಸರಿ. ಅದರ ಮೇಲೆ, ನಾವು ಬರುವ ಮೊದಲೇ ಬಚ್ಚಲಿನ ಗೋಡೆಯಲ್ಲಿದ್ದ ತೇವದ ಕಲೆಗೂ ದುಡ್ಡು ಮುರಿದುಕೊಂಡರು. ಬಾಕಿ ಅಡ್ವಾನ್ಸ್ ವಾಪಸ್ ಬರುವಷ್ಟರಲ್ಲಿ ಸಾಕುಬೇಕಾಯಿತು. ಸಾಮಾನು ಇಳಿಸುವ ಮುಂಚೆ ಗೋಡೆ, ನಲ್ಲಿ, ಕಿಟಕಿ, ಎಲ್ಲದರ ವಿಡಿಯೋ ತೆಗೆದು ಮಾಲೀಕರಿಗೂ ವಾಟ್ಸಾಪ್ ಮಾಡಿಡಿ. ಪೇಂಟಿಂಗ್‌ಗೆ ಎಷ್ಟು ಹಿಡಿಯುತ್ತಾರೆ ಅಂತ ಅಗ್ರಿಮೆಂಟಿನಲ್ಲೇ ಬರೆಸಿ.

ಇನ್ನು ಬೀದಿ. ನಾವು ಇಲ್ಲಿ ಇರುವುದೇ ಇದಕ್ಕೆ.

ಎರಡು ತಿರುವು ದಾಟಿದರೆ ಗಾಂಧಿ ಬಜಾರ್ ಮುಖ್ಯ ರಸ್ತೆ. ತರಕಾರಿ, ಹಣ್ಣು, ಗ್ರಂಥಿಗೆ ಸಾಮಾನು, ಮಿಕ್ಸಿ ರಿಪೇರಿ, ಪಾತ್ರೆ, ಕಣ್ಣೆದುರಿಗೇ ಹುರಿದು ಪುಡಿ ಮಾಡಿಕೊಡುವ ಕಾಫಿ ಅಂಗಡಿ, ಎಲ್ಲಕ್ಕೂ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಆಯಿತು. ನಾನು ಹೂವು ತಗೊಳ್ಳುವ ಅಕ್ಕನ ಮುಂದೆ ಒದ್ದೆ ಗೋಣಿಚೀಲ, ಅದರ ಮೇಲೆ ಮಲ್ಲಿಗೆ, ಕಾಕಡ, ಕನಕಾಂಬರದ ಸುತ್ತುಗಳು. ಮೊಣಕೈಯಿಂದ ನಡುಬೆರಳ ತುದಿವರೆಗೆ ಮೊಳ ಹಾಕುತ್ತಾರೆ. ಕೊನೇ ಮೊಳ ಆದಮೇಲೆ ನಾಲ್ಕು ಬೆರಳು ಜಾಸ್ತಿ ಬಿಟ್ಟೇ ದಾರ ಕತ್ತರಿಸುತ್ತಾರೆ. ನನ್ನ ಮಗಳಿಗೆ ಜ್ವರ ಬಂದು ಒಂದು ವಾರ ನಾನು ಆ ಕಡೆ ಹೋಗದಿದ್ದಾಗ, "ಎಲ್ಲಮ್ಮಾ, ಕಾಣಲೇ ಇಲ್ಲ? ಮಗು ಹುಷಾರಾ?" ಅಂತ ಮೊದಲು ಕೇಳಿದ್ದು ಅವರೇ. ಅಪಾರ್ಟ್‌ಮೆಂಟಿನಲ್ಲಿ ಇರುವ ನನ್ನ ತಂಗಿಗೆ ಪಕ್ಕದ ಮನೆಯವರ ಹೆಸರು ಇನ್ನೂ ಗೊತ್ತಿಲ್ಲ.

ತಿಂಡಿ ಬಗ್ಗೆ ಎಲ್ಲರೂ ಬರೆದಿದ್ದಾರೆ, ಸುಮ್ನೆ ಎಳೆಯುವುದಿಲ್ಲ. 1943ರಿಂದ ಇರುವ ವಿದ್ಯಾರ್ಥಿ ಭವನ ಹೋಟೆಲಿನಲ್ಲಿ ಭಾನುವಾರ ಕ್ಯೂ ಉದ್ದ. ಇಲ್ಲಿನವರು ವಾರದ ನಡುವೆ ಹೋಗುತ್ತೇವೆ. ಶುಕ್ರವಾರ ಮಾತ್ರ ರಜೆ.

ಸಂಜೆಗೆ ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಇದೆ. 1945ರಲ್ಲಿ ಶುರುವಾದದ್ದು. ಉಪನ್ಯಾಸವೋ ಸಂಗೀತವೋ ಇದ್ದರೆ ಸುಮ್ಮನೆ ಹೋಗಿ ಕೂತು ಕೇಳಬಹುದು. ಅಂಕಿತ ಪುಸ್ತಕ ಅನ್ನುವ ಅಂಗಡಿಯಲ್ಲಿ ನಿಂತುಕೊಂಡೇ ನಾಲ್ಕು ಪುಟ ಓದಬಹುದು. ನಮ್ಮ ಅತ್ತೆ ಕಹಳೆ ಬಂಡೆ ಪಾರ್ಕಿಗೆ ಒಬ್ಬರೇ ಹೋಗಿ ಬರುತ್ತಾರೆ. ಎಪ್ಪತ್ತು ದಾಟಿದವರು ಯಾರ ಕೈಯನ್ನೂ ಕಾಯದೆ ಓಡಾಡುವ ಜಾಗ ಇದು. ನನ್ನ ಮಟ್ಟಿಗೆ ಬಾಡಿಗೆಯ ಅರ್ಧ ದುಡ್ಡು ಅಲ್ಲೇ ವಸೂಲಾಯಿತು.

ಗದ್ದಲ? ಇದೆ, ತುಂಬಾ ಇದೆ. ವರಮಹಾಲಕ್ಷ್ಮಿ, ಗೌರಿ ಗಣೇಶ ಹಬ್ಬಗಳ ಹಿಂದಿನ ದಿನ ಬಾಳೆಕಂದು, ಮಾವಿನೆಲೆ, ತಾವರೆ ರಾಶಿ ರಸ್ತೆಗೇ ಬರುತ್ತದೆ, ಸ್ಕೂಟರ್ ಕೂಡ ನುಗ್ಗುವುದಿಲ್ಲ. ಮಾರನೇ ದಿನ ಉಳಿದ ಬಾಳೆಕಂದು ಮೂಲೆಯಲ್ಲಿ ಕೊಳೆಯುತ್ತಿರುತ್ತದೆ. ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವಣ್ಣನ ಗುಡಿ ಹತ್ತಿರ ಕಡಲೆಕಾಯಿ ಪರಿಷೆ. ಈಚೆಗೆ ಅದು ಒಂದು ದಿನಕ್ಕೆ ಮುಗಿಯುವುದಿಲ್ಲ, ನಾಲ್ಕೈದು ದಿನ ಎಳೆಯುತ್ತದೆ. ಬುಲ್ ಟೆಂಪಲ್ ರಸ್ತೆಯಲ್ಲಿ ವಾಹನ ಬಿಡುವುದಿಲ್ಲ, ರಾತ್ರಿಯಿಡೀ ಪೀಪಿ ಸದ್ದು. ನಾವಂತೂ ಸೇರುಗಟ್ಟಲೆ ಕಡಲೆಕಾಯಿ ತಂದು ನೆಂಟರನ್ನೆಲ್ಲ ಕರೆಯುತ್ತೇವೆ. ಆದರೆ ಬೆಳಗಿನ ಪಾಳಿ ಕೆಲಸದವರಿಗೆ, ಹಸುಗೂಸು ಇರುವವರಿಗೆ ಆ ವಾರ ನಿಜವಾಗಿ ಕಷ್ಟ. ಅಂಥವರು ಮುಖ್ಯ ರಸ್ತೆಗೆ ಮುಖ ಮಾಡಿದ ಮನೆ ಬೇಡವೇ ಬೇಡ ಅನ್ನಿ, ಕ್ರಾಸ್ ಒಳಗೆ ನೋಡಿ.

ರಸ್ತೆ ಕೆಲಸದ ಕಾಲವನ್ನೂ ಹೇಳಬೇಕು. ಫುಟ್‌ಪಾತ್ ಅಗಲ ಮಾಡಲು 2023ರಲ್ಲಿ ಗಾಂಧಿ ಬಜಾರ್ ಅಗೆದು ಹಾಕಿದ್ದಾಗ ಧೂಳು ನಮ್ಮ ಅಡುಗೆಮನೆವರೆಗೂ ಬರುತ್ತಿತ್ತು. ವ್ಯಾಪಾರ ಬಿದ್ದುಹೋಗಿ ಬೀದಿ ವ್ಯಾಪಾರಿಗಳು ಪಟ್ಟ ಪಾಡು ನೋಡಿ ಹೊಟ್ಟೆ ಉರಿಯಿತು. ಈಗ ನಡೆಯಲು ಜಾಗ ಚೆನ್ನಾಗಿದೆ.

ಕಾರಿದ್ದರೆ ಪಾರ್ಕಿಂಗ್ ಮರೆತುಬಿಡಿ. ನಾವು ಕಾರು ತಗೊಳ್ಳಲೇ ಇಲ್ಲ. ನ್ಯಾಷನಲ್ ಕಾಲೇಜ್ ಮೆಟ್ರೋ ನಡೆದು ಹೋಗುವಷ್ಟು ಹತ್ತಿರ, 2017ರಿಂದ ಇದೆ, ಆಫೀಸಿಗೆ ಅದೇ ಸಾಕಾಗಿದೆ.

ನಾನು ಅಂಕ ಕಳೆಯುವುದು ಬೇರೊಂದು ಕಾರಣಕ್ಕೆ. ಇಲ್ಲಿ ಮನೆ ಕೇಳಿದರೆ ಕೆಲವರು ಬಾಗಿಲು ತೆಗೆಯುವ ಮುಂಚೆಯೇ "ನೀವು ಯಾವ ಜನ?" ಅಂತ ಕೇಳುತ್ತಾರೆ. "ವೆಜ್ ಓನ್ಲಿ" ಅಂತ ಬೋರ್ಡಿನಲ್ಲೇ ಬರೆದಿರುತ್ತಾರೆ. ನಮ್ಮ ಆಫೀಸಿನ ಹುಡುಗಿಯೊಬ್ಬಳು, ಹಾವೇರಿ ಕಡೆಯವಳು, ಒಳ್ಳೇ ಕೆಲಸ, ಒಳ್ಳೇ ಸಂಬಳ. ಅವಳಿಗಾಗಿ ನಾನೇ ಜೊತೆಯಲ್ಲಿ ಬೀದಿ ಬೀದಿ ಸುತ್ತಿದೆ. ಫೋನಿನಲ್ಲಿ ಖಾಲಿ ಇದ್ದ ಮನೆ ಅವಳ ಹೆಸರು ಕೇಳಿದ ಮೇಲೆ ಬೇರೆಯವರಿಗೆ ಆಗಿಹೋಗಿರುತ್ತಿತ್ತು. ಅವಳು ಕೊನೆಗೆ ಬೇರೆ ಕಡೆ ಹೋದಳು. ಇಷ್ಟು ಒಳ್ಳೇ ಬೀದಿ ಅವಳಿಗೂ ಸಿಗಬೇಕಿತ್ತು. ಐದಕ್ಕೆ ನಾಲ್ಕು ಕೊಡುತ್ತೇನೆ, ಆ ಒಂದು ಇದಕ್ಕೇ ಹೋಯಿತು.

ಹುಡುಕುವವರಿಗೆ: ಆ್ಯಪ್‌ನಲ್ಲಿ ಬರುವುದಕ್ಕಿಂತ ಹೆಚ್ಚು ಮನೆ ಗೇಟಿಗೆ ಕಟ್ಟಿದ ಟು ಲೆಟ್ ಬೋರ್ಡಿನಲ್ಲಿ ಸಿಗುತ್ತವೆ, ಬ್ರೋಕರಿಗೆ ಕೊಡುವ ಒಂದು ತಿಂಗಳ ಬಾಡಿಗೆಯೂ ಉಳಿಯುತ್ತದೆ. ಹಾಲಿನ ಬೂತಿನವರನ್ನು, ಇಸ್ತ್ರಿ ಅಂಗಡಿಯವರನ್ನು ಕೇಳಿ, ಯಾವ ಮನೆ ಖಾಲಿ ಆಗುತ್ತಿದೆ ಅಂತ ಅವರಿಗೆ ಮೊದಲು ಗೊತ್ತಿರುತ್ತದೆ. ಆಷಾಢದಲ್ಲಿ ಬನ್ನಿ. ಆ ತಿಂಗಳು ಹಾಲುಕ್ಕಿಸಲು ಜನ ಹಿಂಜರಿಯುತ್ತಾರೆ, ಮನೆಗಳು ಖಾಲಿ ಬಿದ್ದಿರುತ್ತವೆ, ಅಡ್ವಾನ್ಸ್ ಇಳಿಸಿ ಅಂದರೆ ಮಾಲೀಕರೂ ಕೂತು ಮಾತಾಡುತ್ತಾರೆ.